ಮನೆಯವರ ದಿನಕ್ಕೂ ಇರೋದು 24 ಗಂಟೆಯೇ

ನಾನು ಫಿಸಿಯೋಥೆರಪಿಸ್ಟ್. ಮನೆಗಳಿಗೇ ಹೋಗಿ ಕೆಲಸ ಮಾಡುತ್ತೇನೆ. ಹೆಚ್ಚಾಗಿ ನಾಲ್ಕಾರು ತೊಂದರೆಗಳು ಒಟ್ಟಿಗೇ ಇರುವವರ ಮನೆಗಳು: ಏಳಲು ಆಗುವುದಿಲ್ಲ, ಮಾತು ಬರುವುದಿಲ್ಲ, ಆಗಾಗ ಫಿಟ್ಸ್, ಊಟ ಟ್ಯೂಬಿನಲ್ಲಿ. ಇಂಥವರನ್ನು ನೋಡಿಕೊಳ್ಳುವ ತಾಯಿ, ಗಂಡ, ಅಕ್ಕ, ಮಗನ ಜೊತೆ ನಾನು ಹೇಗೆ ಕೆಲಸ ಮಾಡುತ್ತೇನೆ ಅಂತ ಕೇಳುವವರಿಗಾಗಿ ಇದು.

ಹೊಸ ಮನೆಗೆ ಹೋದರೆ ಮೊದಲ ದಿನ ವ್ಯಾಯಾಮ ಹೇಳಿಕೊಡುವುದಿಲ್ಲ. ಒಂದು ಹಾಳೆ ಹಿಡಿದು ಅವರ ಜೊತೆ ಕೂರುತ್ತೇನೆ. ಇವತ್ತು ಎದ್ದಾಗಿನಿಂದ ನಾಳೆ ಏಳುವವರೆಗೆ ಯಾವ ಹೊತ್ತಿಗೆ ಏನು ಕೆಲಸ, ಯಾರು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲ ಬರೆಯುತ್ತೇವೆ. ರಾತ್ರಿಯನ್ನೂ ಬಿಡುವುದಿಲ್ಲ. ಉದಾಹರಣೆಗೆ ಟ್ಯೂಬಿನ ಊಟ ದಿನಕ್ಕೆ 5 ಸಲ ಅಂದುಕೊಳ್ಳಿ. ತಯಾರಿ, ಮೊದಲೂ ಆಮೇಲೂ ಟ್ಯೂಬಿಗೆ ನೀರು ಹಾಯಿಸುವುದು, ತೊಳೆದಿಡುವುದು ಸೇರಿ ಸಲಕ್ಕೆ ಮುಕ್ಕಾಲು ಗಂಟೆ ಅಂದರೂ ಮೂರೂ ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಬೆನ್ನು ಹುಣ್ಣಾಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಹೇಳಿದ್ದರೆ, ಅದನ್ನು ಮಾಡುವವರಿಗೆ ರಾತ್ರಿಯಿಡೀ ಒಂದೇ ಸಮನೆ 2 ಗಂಟೆ ನಿದ್ದೆಯೂ ಇಲ್ಲ. ಅದರ ಮೇಲೆ ನಾನು, ಮಾತಿನ ಥೆರಪಿಸ್ಟು, ಇನ್ನೊಬ್ಬರು, ಒಬ್ಬೊಬ್ಬರೂ "ದಿನಕ್ಕೆ ಅರ್ಧ ಗಂಟೆ ಅಷ್ಟೇ" ಅಂತ ಹೇಳಿ ಹೋಗಿರುತ್ತೇವೆ. ಆ ಅರ್ಧ ಗಂಟೆಗಳನ್ನೆಲ್ಲ ಯಾರೂ ಕೂಡಿಸಿರುವುದಿಲ್ಲ. ಆಮೇಲೆ ಫೈಲಿನಲ್ಲಿ "ಮನೆಯವರು ಸಹಕರಿಸುತ್ತಿಲ್ಲ" ಅಂತ ಬರೆಯುವುದು! ಆ ವಾಕ್ಯ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಳೆ ತುಂಬಿದ ಮೇಲೆ ಕತ್ತರಿ ಹಾಕುವ ಕೆಲಸ. ಮೊದಲು ನನ್ನದಕ್ಕೇ ಹಾಕುತ್ತೇನೆ. ಕೈಕಾಲು ಬಿಗಿಯಾಗದಂತೆ ಎಳೆಯುವ ವ್ಯಾಯಾಮಕ್ಕೆ ಬೇರೆ ಹೊತ್ತು ಯಾಕೆ ಬೇಕು, ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಹೇಗೂ ತೋಳು ಎತ್ತುತ್ತೀರಿ, ಮೊಣಕಾಲು ಮಡಿಸುತ್ತೀರಿ, ಅದನ್ನೇ ಸ್ವಲ್ಪ ನಿಧಾನವಾಗಿ ಮಾಡಿದರೆ ಎಷ್ಟೋ ಕೆಲಸ ಅಲ್ಲೇ ಮುಗಿಯುತ್ತದೆ. ಊಟ ಕೊಡುವಾಗಲೂ ಆಮೇಲೆ ಸ್ವಲ್ಪ ಹೊತ್ತೂ ತಲೆ ಕಡೆ ಎತ್ತರ ಇರಲೇಬೇಕು ಅಲ್ವಾ, ಸರಿಯಾಗಿ ಕೂರಿಸುವ ಅಭ್ಯಾಸ ಆಗಲೇ ಆಗಲಿ. ಮಾತ್ರೆಗಳ ಹೊತ್ತು ಒಟ್ಟಿಗೆ ಸೇರಿಸಬಹುದಾ ಅಂತ ಡಾಕ್ಟರನ್ನು ಕೇಳುತ್ತೇವೆ. ನಾವೇ ಬದಲಾಯಿಸುವುದಿಲ್ಲ. ರಾತ್ರಿ ಮಗ್ಗುಲಿನ ವಿಷಯ ನರ್ಸ್ ಜೊತೆ ಮಾತಾಡುತ್ತೇನೆ. ಗಾಳಿ ಹಾಸಿಗೆ ಹಾಕಿದರೆ ಮಗ್ಗುಲು ಬದಲಿಸುವುದು ಪೂರ್ತಿ ತಪ್ಪುವುದಿಲ್ಲ. ಆದರೆ ಚರ್ಮ ನೋಡಿಕೊಂಡು ಅಂತರ ಹೆಚ್ಚಿಸಲು ಆಗುವುದುಂಟು.

ಇನ್ನೊಂದು ಹಾಳೆಯೂ ಇದೆ. ಇದಕ್ಕೆ ನಾನು ಬರೀ ಬರೆದುಕೊಳ್ಳುವವನು, ಹೇಳುವವರು ಮನೆಯವರು. ನೋವಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಹೂಂ, ಬೇಡ ಅನ್ನುವುದನ್ನು ಇವರು ಹೇಗೆ ತೋರಿಸುತ್ತಾರೆ? ಮಾಮೂಲಿ ಫಿಟ್ಸ್ ಹೇಗಿರುತ್ತದೆ, ಎಷ್ಟು ಹೊತ್ತು ಇರುತ್ತದೆ? (5 ನಿಮಿಷ ದಾಟಿದರೆ ಕಾಯದೆ ಆಂಬುಲೆನ್ಸ್ ಕರೆಯಬೇಕು, ಇದು ಎಲ್ಲರ ಹಾಳೆಯಲ್ಲೂ ಮೇಲೇ ಇರುತ್ತದೆ. ಸಾಧ್ಯವಾದರೆ ಇನ್ನೊಬ್ಬರು ಮೊಬೈಲಲ್ಲಿ ವಿಡಿಯೋ ಮಾಡಿ. ಡಾಕ್ಟರಿಗೆ ಅದು ತುಂಬಾ ಉಪಯೋಗ.) "ಎಡಗಿವಿ ಹಿಡಿದುಕೊಂಡರೆ ಹಲ್ಲು ನೋವು" ಅನ್ನುವಂಥ ಸಂಗತಿ ಯಾವ ರಿಪೋರ್ಟಿನಲ್ಲೂ ಸಿಗುವುದಿಲ್ಲ. ಮಾತು ಬಾರದವರು ಆಸ್ಪತ್ರೆ ಸೇರಿದರೆ ಕಿರುಚಾಟ, ಹಠ ಎಲ್ಲವನ್ನೂ ಅವರ ಮೂಲ ತೊಂದರೆಯ ಲೆಕ್ಕಕ್ಕೇ ಹಾಕಿಬಿಡುತ್ತಾರೆ, ನೋವು ಹಾಗೇ ಉಳಿಯುತ್ತದೆ. ಅದಕ್ಕೇ ಈ ಹಾಳೆ ಅವರ ಜೊತೆಯೇ ಹೋಗಬೇಕು. ಬರೆಯುವಾಗ ಅವರೂ ಪಕ್ಕದಲ್ಲೇ ಇರಲಿ, ಅವರ ಎದುರಿಗೇ ಅವರು ಇಲ್ಲದಂತೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ನೋಡಿಕೊಳ್ಳುವವರ ಬಗ್ಗೆ ಮಾತ್ರ ಬೇರೆ ಕಡೆ ಕೂತು ಕೇಳುತ್ತೇನೆ. "ಹೇಗಿದ್ದೀರಿ?" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಬರುತ್ತದೆ. ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ, ನಿಮಗೋಸ್ಕರ ಡಾಕ್ಟರ್ ಹತ್ತಿರ ಹೋಗಿದ್ದು ಯಾವಾಗ, ಎತ್ತಿ ಕೂರಿಸುವಾಗ ಸೊಂಟ ಹಿಡಿಯುತ್ತದಾ? ಹೀಗೆ ಕೇಳಿದರೆ ಮಾತು ಹೊರಗೆ ಬರುತ್ತದೆ. ಜರಿಟ್ ಅನ್ನುವ 22 ಪ್ರಶ್ನೆಗಳ ಪಟ್ಟಿಯೂ ಇದೆ, ಆರೈಕೆಯ ಹೊರೆ ಅಳೆಯುವುದಕ್ಕೆ. ಬೇಕಾದಾಗ ಬಳಸುತ್ತೇನೆ, ಆದರೆ ಅಂಕ ಬರೆದುಕೊಂಡು ಸುಮ್ನೆ ಎದ್ದು ಬರುವುದಾದರೆ ಕೇಳದೇ ಇರುವುದೇ ವಾಸಿ.

ಮತ್ತೆ, "ಈ ಕೆಲಸ ನನ್ನಿಂದ ಆಗಲ್ಲ" ಅನ್ನುವುದಕ್ಕೆ ಜಾಗ ಇರಬೇಕು. ಗಂಟಲಿನ ಕಫ ಮಷಿನ್‌ನಲ್ಲಿ ಎಳೆಯುವುದಕ್ಕೆ ಕೈ ನಡುಗುವವರಿಗೆ ಒತ್ತಾಯ ಮಾಡಿ ಏನು ಬಂತು? ಬೇರೆಯವರಿಗೆ ಕಲಿಸಿ. ಬಿಡುವು ತೊಗೊಳ್ಳಿ ಅಂದರೆ ಬೇಡ ಅನ್ನುವವರೇ ಜಾಸ್ತಿ, ಹೊಸಬರ ಕೈಗೆ ಒಪ್ಪಿಸುವ ಭಯ. ನೋಡಿಕೊಳ್ಳುವವರು ಮನೆಯಲ್ಲೇ ಇರಲಿ, ಪಕ್ಕದ ರೂಮಿನಲ್ಲಿ ಮಲಗಲಿ, ಹೊಸಬರಲ್ಲಿ ಪ್ರತಿ ಸಲ ಅದೇ ಒಬ್ಬರು ಬಂದು ಒಂದು ಹೊತ್ತಿನ ಆರೈಕೆ ಮಾಡಲಿ. ಅಲ್ಲಿಂದ ಶುರು ಮಾಡಿದರೆ ಮುಂದೆ ಹೊರಗೆ ಹೋಗುವುದಕ್ಕೂ ಧೈರ್ಯ ಬರುತ್ತದೆ. ಉಳಿದ ನೆಂಟರಿಗೆ "ಸ್ವಲ್ಪ ಸಹಾಯ ಮಾಡಿ" ಅಂದರೆ ಏನೂ ಆಗುವುದಿಲ್ಲ. ಶನಿವಾರ ಔಷಧಿ ತರೋದು ನಿಮ್ಮದು ಅಂತ ಹೆಸರಿಟ್ಟು ಹೇಳಬೇಕು.

ಎರಡೂ ಹಾಳೆಗಳ ಮೇಲೆ ತಾರೀಕು ಬರೆದಿಡಿ. ಮಾತ್ರೆ ಬದಲಾದಾಗ, ಆಸ್ಪತ್ರೆಯಿಂದ ಬಂದಾಗ ತಿದ್ದಿ, ಹಳೆಯದನ್ನು ಹರಿದು ಬಿಸಾಡಿ. ನೋಡಿಕೊಳ್ಳುವವರಿಗೇ ಜ್ವರ ಬಂದು ಮಲಗಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲೇ ಇರಲಿ.