ಪರದೇಶದ ಶೆಲ್ಟರ್‌ಗೆ ಹೋಗಲು ಹಿಂಜರಿಯುವ ಅಪ್ಪ ಅಮ್ಮಂದಿರಿಗೆ

ಮಕ್ಕಳ ಮನೆಗೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ತಿಂಗಳುಗಟ್ಟಲೆ ಇದ್ದು ಬರುವವರು ಮಂಡ್ಯ, ಮೈಸೂರಿನಲ್ಲಿ ಈಗ ಬೀದಿಗೊಬ್ಬರಿದ್ದಾರೆ. ಮೊದಲ ಕೆಲವು ದಿನ ಸೇತುವೆ, ಸಮುದ್ರ, ದೇವಸ್ಥಾನ ನೋಡುವುದರಲ್ಲಿ ಕಳೆಯುತ್ತದೆ. ಆಮೇಲೆ ಮಗ ಸೊಸೆ ಕೆಲಸಕ್ಕೆ ಹೊರಟರೆ ಹಗಲು ಬಲು ಉದ್ದ. ದೊಡ್ಡ ಊರುಗಳಲ್ಲಿ ರಸ್ತೆ ಬದಿಯಲ್ಲೇ ಡೇರೆ ಹಾಕಿಕೊಂಡು ಮಲಗುವ ಜನ ಕಣ್ಣಿಗೆ ಬೀಳುತ್ತಾರೆ. ಅವರಿಗೆ ಊಟ ಹಾಕುವ, ಮಲಗಲು ಜಾಗ ಕೊಡುವ ಶೆಲ್ಟರ್ ಎಂಬ ಮನೆಗಳಿವೆ, ಅಲ್ಲಿ ಯಾರು ಬೇಕಾದರೂ ಹೋಗಿ ಕೈಜೋಡಿಸಬಹುದು ಎಂದು ಗೊತ್ತಾದ ಮೇಲೂ ನಮಗೆ ಅಲ್ಲಿ ಕಾಲಿಡಲು ಮನಸ್ಸಾಗುವುದಿಲ್ಲ. ಆ ಹಿಂಜರಿಕೆಯನ್ನು ದಾಟುವುದು ಹೇಗೆ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಆಗಿ ನಿವೃತ್ತಿಯಾದವಳು. ಮುದ್ದೆ, ಸಾರು, ಅನ್ನ ಅಂತ ದೊಡ್ಡ ಅಡುಗೆ ಮಾಡಿಸಿ, ಸಾಲಿನಲ್ಲಿ ಕೂರಿಸಿ ಬಡಿಸುವುದೇ ನನ್ನ ಬದುಕಾಗಿತ್ತು. ಮಗ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿಂದ ಬಾರ್ಟ್ ರೈಲು ಹತ್ತಿದರೆ ಸ್ಯಾನ್ ಫ್ರಾನ್ಸಿಸ್ಕೋ. ಆ ಊರಿನ ಟೆಂಡರ್‌ಲಾಯಿನ್ ಬಡಾವಣೆಯಲ್ಲೇ ಇಂಥ ದೊಡ್ಡ ಊಟದ ಮನೆಗಳಿವೆ. ಸೇಂಟ್ ಆಂಟನೀಸ್ ಅನ್ನುವುದನ್ನು ಫಾದರ್ ಆಲ್ಫ್ರೆಡ್ ಬೋಡೆಕರ್ ಎಂಬ ಪಾದ್ರಿ 1950ರಲ್ಲಿ ಶುರು ಮಾಡಿದರು. ಹತ್ತಿರದಲ್ಲೇ ಗ್ಲೈಡ್ ಚರ್ಚಿನ ಊಟದ ಮನೆ. ಅದನ್ನು ಕಟ್ಟಿ ಬೆಳೆಸಿದವರು 1963ರಲ್ಲಿ ಅಲ್ಲಿಗೆ ಬಂದ ಪಾಸ್ಟರ್ ಸೆಸಿಲ್ ವಿಲಿಯಮ್ಸ್. ಆ ಬಡಾವಣೆಯಲ್ಲಿ ಬಡಿಸಿದ ಅನುಭವದ ಮೇಲೆ ನಾನು ಮಾತಾಡುತ್ತಿದ್ದೇನೆ.

ಮೊದಲು ನಿಮ್ಮ ಹಿಂಜರಿಕೆ ಯಾವ ಬಗೆಯದು ಅಂತ ಬಿಡಿಸಿ ನೋಡಿಕೊಳ್ಳಿ. "ಯಾಕೋ ಬೇಡ ಅನ್ಸುತ್ತೆ" ಅಂತ ಒಟ್ಟಿಗೆ ಮೂಟೆ ಕಟ್ಟಿಟ್ಟರೆ ಅದು ಕರಗುವುದಿಲ್ಲ. ಕೆಲವರಿಗೆ ಭಯ: ಯಾರಾದರೂ ಹೊಡೆದರೆ, ಬೈದರೆ, ಪರ್ಸ್ ಕಿತ್ತುಕೊಂಡರೆ? ಕೆಲವರಿಗೆ ವಾಸನೆ, ಕಾಯಿಲೆಯ ಅಂಜಿಕೆ. ಕೆಲವರಿಗೆ ಇಂಗ್ಲಿಷ್. ನಮ್ಮ ಕಡೆಯ ಬಹಳ ಜನಕ್ಕೆ ಮಾಂಸ, ಮಡಿ. ಇವೆಲ್ಲಕ್ಕೂ ಒಂದೊಂದು ದಾರಿಯಿದೆ, ಮುಂದೆ ಹೇಳುತ್ತೇನೆ. ಇನ್ನೊಂದು ಹಿಂಜರಿಕೆ ಇದೆ: "ಪಾಪ, ಅವರ ಕಷ್ಟವನ್ನ ನೋಡೋಕೆ ಹೋದಂಗಾಗಲ್ವಾ?" ಇದು ಸರಿಯಾದ ಹಿಂಜರಿಕೆ. ಇದನ್ನು ದಾಟಬೇಡಿ, ಜೊತೆಯಲ್ಲೇ ಇಟ್ಟುಕೊಳ್ಳಿ. ಪ್ರವಾಸಿಯಾಗಿ ನೋಡಿಬರಲು ಹೋಗಲೇಬಾರದು. ಕೈಯಲ್ಲೊಂದು ಕೆಲಸ ಹಿಡಿದು, ನಡೆಸುವವರು ಹೇಳಿದ ಹೊತ್ತಿಗೆ, ಅವರು ಹೇಳಿದ ಬಾಗಿಲಿನಿಂದ ಒಳಗೆ ಹೋಗಬೇಕು. ಸೌಟು ಕೈಗೆ ಬಂದ ಮೇಲೆ ಉಳಿದ ಹಿಂಜರಿಕೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಹಿಂದೆ ಸರಿಯುತ್ತವೆ.

ಹಾಗಾಗಿ ಮೊದಲ ಸಲಕ್ಕೆ ರಾತ್ರಿ ಮಲಗುವ ಶೆಲ್ಟರ್ ಬೇಡ, ಹಗಲಿನ ಊಟದ ಮನೆ ಆರಿಸಿಕೊಳ್ಳಿ. ಮಲಗುವ ಶೆಲ್ಟರ್ ಅಂದರೆ ಅಲ್ಲಿರುವವರ ಪಾಲಿಗೆ ಮಲಗುವ ಕೋಣೆ. ಬಟ್ಟೆ, ಔಷಧಿ, ಮಕ್ಕಳ ಪುಸ್ತಕ, ಇರುವುದೆಲ್ಲ ಆ ಮಂಚದ ಸುತ್ತಲೇ. ಅಪರಿಚಿತರು ಅಲ್ಲಿ ಓಡಾಡುವುದು ಅವರಿಗೂ ಇಷ್ಟವಿಲ್ಲ, ನಡೆಸುವವರೂ ಸುಲಭಕ್ಕೆ ಬಿಡುವುದಿಲ್ಲ. ಗಂಡನ ಹೊಡೆತ ತಾಳದೆ ಬಂದ ಹೆಂಗಸರ ಶೆಲ್ಟರ್‌ಗಳಂತೂ ಸಾಮಾನ್ಯವಾಗಿ ವಿಳಾಸವನ್ನೇ ಗುಟ್ಟಾಗಿಡುತ್ತವೆ. ಊಟದ ಮನೆ ಹಾಗಲ್ಲ. ಅಲ್ಲಿ ಬರುವವರು ಬರುತ್ತಾರೆ, ಉಂಡು ಹೋಗುತ್ತಾರೆ, ಬಡಿಸುವವರು ದಿನಾ ಬೇಕೇ ಬೇಕು.

ಆದರೆ ಇದಕ್ಕೆ ವಿಮಾನ ಹತ್ತುವವರೆಗೂ ಕಾಯಬೇಡಿ. ನಮ್ಮ ಹಿಂಜರಿಕೆ ಪರದೇಶದಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯ ಹೊರಗೆ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಹತ್ತಿರ, ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದವರ ಪಕ್ಕದಲ್ಲೇ ಸೆರಗು ಮೂಗಿಗೆ ಹಿಡಿದು ದಾಟುತ್ತೇವೆ. ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಭಿಕ್ಷುಕರ ಕರ ಅಂತ ಒಂದು ಬಾಬ್ತು ಸೇರಿರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ನಾವೆಲ್ಲ ಕಟ್ಟುತ್ತಲೇ ಬಂದಿದ್ದೇವೆ. ಅದರಿಂದ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರ ಮೈಸೂರಿನಲ್ಲೇ ಇದ್ದರೂ ಅದರ ಬಾಗಿಲು ನೋಡಿದವರು ಎಷ್ಟು ಜನ? ನಗರದ ಮನೆಯಿಲ್ಲದವರಿಗೆ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ತೆರೆದಿರುವ ತಂಗುದಾಣ ಇರಬೇಕು ಅಂತ ಕೇಂದ್ರದ ಯೋಜನೆಯೇ ಹೇಳಿತ್ತು. ನಿಮ್ಮ ಊರಿನದ್ದು ಎಲ್ಲಿದೆ ಅಂತ ಪಾಲಿಕೆ ಅಥವಾ ನಗರಸಭೆಯಲ್ಲಿ ವಿಚಾರಿಸಿ, ಅಪ್ಪಣೆ ಕೇಳಿ ಒಂದು ಹೊತ್ತು ಬಡಿಸಿ ಬನ್ನಿ. 2020ರ ಲಾಕ್‌ಡೌನ್‌ನಲ್ಲಿ ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಬೀದಿಬದಿಯ ಜನರನ್ನು ಇರಿಸಿಕೊಂಡು ಊಟ, ವಸತಿ ಕೊಟ್ಟಿದ್ದು ನೆನಪಿರಬಹುದು. ಇಲ್ಲಿ ಭಾಷೆ ನಮ್ಮದು, ಸಾರಿನ ವಾಸನೆ ನಮ್ಮದು. ಇಲ್ಲಿ ಅಭ್ಯಾಸವಾದ ಕೈಗೆ ಅಲ್ಲಿ ಅರ್ಧ ಕಷ್ಟ ಕಡಿಮೆ.

ಇನ್ನು ಅಲ್ಲಿಗೆ ಹೋದ ಮೇಲಿನ ಕೆಲಸ. ಹಠಾತ್ತನೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಊಟದ ಮನೆಗಳು ತಮ್ಮ ಜಾಲತಾಣದಲ್ಲೇ ಪಾಳಿಗಳ ಪಟ್ಟಿ ಹಾಕಿರುತ್ತವೆ, ಸಾಮಾನ್ಯವಾಗಿ ಒಂದು ಪಾಳಿ ಎರಡು ಮೂರು ಗಂಟೆ. ಮಗನಿಗೋ ಸೊಸೆಗೋ ಹೇಳಿ ಮೊದಲೇ ಹೆಸರು ಬರೆಸಿ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ಹೊತ್ತಿನಲ್ಲಿ ಬಡಿಸಲು ಜನ ಮುಗಿಬೀಳುತ್ತಾರೆ. ಜನವರಿ, ಫೆಬ್ರುವರಿಯ ಚಳಿಯಲ್ಲಿ, ವಾರದ ನಡುವಿನ ದಿನಗಳಲ್ಲಿ ಕೈಗಳು ಕಡಿಮೆ. ನಮ್ಮಂಥ ನಿವೃತ್ತರಿಗೆ ಬಿಡುವಿರುವುದು ಆ ದಿನಗಳಲ್ಲೇ ಅಲ್ಲವೇ?

ವೀಸಾದ ವಿಷಯ ಮೊದಲೇ ತಿಳಿದಿರಲಿ. ಅಮೆರಿಕದ ಭೇಟಿ ವೀಸಾದಲ್ಲಿ ಹೋದವರು ಧರ್ಮಾರ್ಥ ಸಂಸ್ಥೆಯಲ್ಲಿ ಸಂಬಳವಿಲ್ಲದ ಸೇವೆ ಮಾಡಬಹುದು, ಆದರೆ ಒಂದು ಕಾಸೂ ಮುಟ್ಟಬಾರದು, ಸಂಬಳ ಕೊಟ್ಟು ಮಾಡಿಸುವ ಕೆಲಸದ ಜಾಗದಲ್ಲಿ ನಿಲ್ಲಬಾರದು, ಯಾರ ಹತ್ತಿರವೂ ಚಂದಾ ಎತ್ತಬಾರದು. ಇಂಗ್ಲೆಂಡಿನ ಭೇಟಿ ವೀಸಾದಲ್ಲಿ ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ ಒಟ್ಟು 30 ದಿನದವರೆಗೆ ಸೇವೆ ಮಾಡಲು ಅವಕಾಶವಿದೆ. ಬೇರೆ ದೇಶವಾದರೆ ಆ ದೇಶದ ನಿಯಮ ನೋಡಿಕೊಂಡೇ ಹೋಗಿ.

ನನ್ನ ಮಗ ಮೊದಲು ಒಪ್ಪಲಿಲ್ಲ. "ಅವ್ವ, ಆ ಏರಿಯಾ ಸರಿಯಿಲ್ಲ. ಸುಮ್ನೆ ಮನೇಲಿ ಇರಬಾರ್ದಾ?" ಅಂದ. ಮಕ್ಕಳ ಭಯವನ್ನು ತಳ್ಳಿಹಾಕಬೇಡಿ, ಆ ಬೀದಿಗಳಲ್ಲಿ ಮಾದಕ ಪದಾರ್ಥದ ಹಾವಳಿ ನಿಜವಾಗಿಯೂ ಇದೆ, ನೆಲದ ಮೇಲೆ ಸೂಜಿಗಳು ಬಿದ್ದಿರುತ್ತವೆ. "ಬೆಳಗ್ಗೆ ನೀನೇ ಬಾಗಿಲತನಕ ಬಿಡಪ್ಪ, ಮಧ್ಯಾಹ್ನ ನೀನೇ ಬಂದು ಕರ್ಕೊ. ಒಂದ್ಸಲ ನೀನೂ ನನ್ ಪಕ್ಕದಲ್ಲಿ ನಿಂತು ಬಡ್ಸು" ಅಂದೆ. ಶನಿವಾರ ಅವನೂ ಬಂದ. ಆಮೇಲೆ ಮಾತಿಲ್ಲ. ನೀವೂ ಹಾಗೇ ಮಾಡಿ: ಹಗಲು ಹೊತ್ತು, ಜೊತೆಗೊಬ್ಬರು, ಬಾಗಿಲಿಂದ ಬಾಗಿಲಿಗೆ. ಪಾಸ್‌ಪೋರ್ಟ್, ಬಳೆ, ಸರ ಎಲ್ಲ ಮನೆಯಲ್ಲಿರಲಿ. ಗುರುತಿನ ಚೀಟಿಯೊಂದು, ಮಗನ ಫೋನ್ ನಂಬರ್ ಬರೆದ ಚೀಟಿಯೊಂದು ಜೇಬಿನಲ್ಲಿರಲಿ.

ಬಟ್ಟೆಯ ವಿಷಯದಲ್ಲಿ ಹೆಂಗಸರು ಗಮನಿಸಿ. ಅಡುಗೆಮನೆಯ ನೆಲ ಒದ್ದೆಯಿರುತ್ತದೆ, ಬಿಸಿ ಪಾತ್ರೆಗಳು ಓಡಾಡುತ್ತವೆ. ಚಪ್ಪಲಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ, ಬೆರಳು ಮುಚ್ಚುವ ಶೂ ಬೇಕು. ಸೀರೆ ಬಿಟ್ಟು ಚೂಡಿದಾರವೋ ಪ್ಯಾಂಟೋ ಹಾಕಿ, ದುಪಟ್ಟಾ ಬೇಡ. ಏಪ್ರನ್, ಕೈಗವಸು, ಕೂದಲ ಬಲೆ ಅವರೇ ಕೊಡುತ್ತಾರೆ. ಮನೆಯಿಂದ ಚಿತ್ರಾನ್ನವೋ ಪುಳಿಯೋಗರೆಯೋ ಮಾಡಿಕೊಂಡು ಹೋಗೋಣ ಅಂತ ನಮಗೆ ಆಸೆಯಾಗುತ್ತದೆ, ಆದರೆ ಮನೆ ಅಡುಗೆಯನ್ನು ಬಹುತೇಕ ಕಡೆ ತೆಗೆದುಕೊಳ್ಳುವುದಿಲ್ಲ, ಆಹಾರ ಸುರಕ್ಷತೆಯ ನಿಯಮ ಬಿಗಿ. ಕೊಡಲೇಬೇಕು ಅನಿಸಿದರೆ ಹೊಸ ಕಾಲುಚೀಲ ಕೊಡಿ. ಹಳೇ ಬಟ್ಟೆ ಕೊಡುವವರು ಬಹಳ, ಕಾಲುಚೀಲ ಕೊಡುವವರು ಕಡಿಮೆ. ದಿನವಿಡೀ ನಡೆಯುವ, ಒದ್ದೆ ಕಾಲಲ್ಲೇ ಮಲಗುವ ಜನಕ್ಕೆ ಅದು ಔಷಧಿಯಷ್ಟೇ ಮುಖ್ಯ.

ಮಾಂಸದ ಮಾತು. ನಮ್ಮ ಮನೆಯಲ್ಲಿ ಕೋಳಿ ಸಾರು, ಮುದ್ದೆ ನಡೆಯುತ್ತದೆ. ಆದರೆ ಅಲ್ಲಿನ ತಟ್ಟೆಯಲ್ಲಿ ದನದ ಮಾಂಸ, ಹಂದಿ ಮಾಂಸವೂ ಇರಬಹುದು. ಪೂರ್ತಿ ಸಸ್ಯಾಹಾರಿಗಳಾದ ನನ್ನ ಮೈಸೂರಿನ ಗೆಳತಿಯೊಬ್ಬರು ಬರೀ ಇದೊಂದೇ ಕಾರಣಕ್ಕೆ ಹೋಗದೆ ಕೂತಿದ್ದರು. ದಾರಿ ಸುಲಭ: ಹೆಸರು ಬರೆಸುವಾಗಲೇ ಅಥವಾ ಹೋದ ಕೂಡಲೇ ಮೇಲ್ವಿಚಾರಕರಿಗೆ "ನಾನು ಮಾಂಸ ಮುಟ್ಟುವುದಿಲ್ಲ" ಅಂತ ಹೇಳಿ. ಬ್ರೆಡ್, ಹಣ್ಣು, ಸಲಾಡ್, ತಟ್ಟೆ ಒಯ್ಯುವುದು, ಮೇಜು ಒರೆಸುವುದು, ಎಷ್ಟೋ ಕೆಲಸವಿದೆ. ಯಾರೂ ಬೇಸರ ಪಡುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಪಕ್ಕದವರ ಸೌಟಿನಲ್ಲಿ ಏನಿದೆ ಅಂತ ಮುಖ ಸಿಂಡರಿಸಬೇಡಿ, ಅಷ್ಟೇ. ಎದುರಿಗೆ ತಟ್ಟೆ ಹಿಡಿದು ನಿಂತವರು ಅದು ತಮ್ಮನ್ನು ನೋಡಿ ಅಂದುಕೊಳ್ಳುತ್ತಾರೆ. ಆ ಗೆಳತಿ ಮುಂದೆ ಹಣ್ಣಿನ ಕೌಂಟರಿನಲ್ಲಿ ನಿಂತರು. ಬಾಳೆಹಣ್ಣು ಕೊಡುವಾಗ ಒಂದೊಂದನ್ನೂ ತಿರುಗಿಸಿ ನೋಡಿ, ಕೊಳೆತಿದ್ದನ್ನು ಪಕ್ಕಕ್ಕಿಟ್ಟು, ಒಳ್ಳೆಯದನ್ನೇ ಆರಿಸಿ ಕೊಡುತ್ತಿದ್ದರು. ಜನ ಅದನ್ನು ಗಮನಿಸುತ್ತಾರೆ.

ವಾಸನೆಗೆ ಮಾಸ್ಕ್ ಹಾಕಿಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ಮೂಗಿಗೆ ಅಭ್ಯಾಸವಾಗುತ್ತದೆ. ಭಯಕ್ಕೆ ಇಷ್ಟು ತಿಳಿದಿರಲಿ: ಯಾರಾದರೂ ಕೂಗಾಡಿದರೆ ಸಮಾಧಾನ ಮಾಡಲು, ವಾದಿಸಲು ಹೋಗಬೇಡಿ. ಒಂದು ಹೆಜ್ಜೆ ಹಿಂದೆ ಸರಿದು ಸಿಬ್ಬಂದಿಯನ್ನು ಕರೆಯಿರಿ. ಅವರಿಗೆ ಆ ಜನರ ಹೆಸರು ಗೊತ್ತು, ಮಾತಾಡುವ ರೀತಿ ಗೊತ್ತು. ಕೂಗುವವರು ಬಹಳ ಸಲ ನಮ್ಮ ಮೇಲೆ ಕೂಗುತ್ತಿರುವುದಿಲ್ಲ, ತಮ್ಮೊಳಗಿನ ಯಾರದೋ ಮೇಲೆ ಕೂಗುತ್ತಿರುತ್ತಾರೆ.

ಇಂಗ್ಲಿಷ್ ಬರುವುದಿಲ್ಲ ಅನ್ನುವವರಿಗೆ ನಾನು ಒತ್ತಿ ಹೇಳುವುದು, ಬಡಿಸಲು ನಾಲ್ಕು ಮಾತು ಸಾಕು. "ಗುಡ್ ಮಾರ್ನಿಂಗ್." "ದಿಸ್? ದಿಸ್?" "ಮೋರ್?" "ಥ್ಯಾಂಕ್ ಯೂ." ಕಣ್ಣಿಗೆ ಕಣ್ಣು ಕೊಟ್ಟು ಹೇಳಿ. ಹಾಸ್ಟೆಲ್‌ನಲ್ಲಿ ಹೊಸದಾಗಿ ಸೇರಿದ ಹುಡುಗ ತಲೆ ತಗ್ಗಿಸಿ ಉಣ್ಣುತ್ತಾನೆ, ಇನ್ನಷ್ಟು ಬೇಕಾದರೂ ಕೇಳುವುದಿಲ್ಲ. ಬಡಿಸುವವರೇ ಸೌಟು ಮುಂದೆ ಹಿಡಿದು "ಹಾಕ್ಲಾ?" ಅನ್ನಬೇಕು. ಆ ಸಾಲಿನಲ್ಲಿ ಬರುವ ಮುದುಕರೂ ಹಾಗೆಯೇ, ಅದನ್ನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸಿಕೊಡಬೇಕಿಲ್ಲ. ಕೇಳಬಾರದ ಮಾತು ಒಂದಿದೆ: ಹೇಗೆ ಈ ಸ್ಥಿತಿಗೆ ಬಂದಿರಿ, ಮಕ್ಕಳಿಲ್ಲವೇ, ಮನೆಯವರೆಲ್ಲಿ. ನಮ್ಮೂರಲ್ಲಿ ಅದು ಅಕ್ಕರೆಯ ಮಾತು. ಅಲ್ಲಿ, ದಿನಕ್ಕೆ ಹತ್ತು ಕಚೇರಿಯಲ್ಲಿ ಅದೇ ಪ್ರಶ್ನೆಗೆ ಉತ್ತರ ಹೇಳಿ ದಣಿದವರಿಗೆ ಅದು ಇನ್ನೊಂದು ವಿಚಾರಣೆ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಫೋನನ್ನು ಬ್ಯಾಗಿನಿಂದ ತೆಗೆಯಲೇಬೇಡಿ. ಮೊಮ್ಮಕ್ಕಳಿಗೆ ತೋರಿಸಲಿಕ್ಕೂ ಫೋಟೋ ಬೇಡ.

ಕೊಡುವವರು ನಾವು, ಪಡೆಯುವವರು ಅವರು ಅನ್ನುವ ಭಾವನೆಯನ್ನು ಬಾಗಿಲಲ್ಲೇ ಬಿಟ್ಟುಹೋಗಿ. ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲ 1979ರಲ್ಲಿ ರಾಬರ್ಟ್ ಕ್ಯಾಲಹನ್ ಮೊದಲಾದ ಮನೆಯಿಲ್ಲದ ಗಂಡಸರ ಪರವಾಗಿ ಕೋರ್ಟಿಗೆ ಹೋದರು. 1981ರ ಒಪ್ಪಂದದಲ್ಲಿ ನಗರ ಅವರಿಗೆ ಮಲಗಲು ಜಾಗ ಕೊಡಬೇಕಾಯಿತು. ಅದಕ್ಕೆ ಮೊದಲೇ ಕ್ಯಾಲಹನ್ ಬೀದಿಯಲ್ಲೇ ತೀರಿಕೊಂಡಿದ್ದರು. ಅಲ್ಲಿ ಹಾಸಿಗೆ ಅನ್ನುವುದು ದಯೆಯಲ್ಲ, ಹೋರಾಡಿ ಪಡೆದ ಹಕ್ಕು. ಇದು ತಿಳಿದಿದ್ದರೆ ನೀವು ಬಡಿಸುವ ರೀತಿಯೇ ಬೇರೆಯಾಗುತ್ತದೆ.

ಲಂಡನ್ನಿಗೆ ಹೋಗುವವರಿಗೆ ಇನ್ನೂ ಸುಲಭದ ಮೆಟ್ಟಿಲಿದೆ. ಅಲ್ಲಿನ ಸೌತಾಲ್ ಬಡಾವಣೆಯಲ್ಲಿರುವ ಸಿಖ್ಖರ ಗುರುದ್ವಾರದ ಲಂಗರ್‌ನಲ್ಲಿ, ಅಂದರೆ ಅನ್ನದಾಸೋಹದಲ್ಲಿ, ಯಾರು ಬೇಕಾದರೂ ಕೂತು ಉಣ್ಣಬಹುದು, ಸೇವೆಯನ್ನೂ ಮಾಡಬಹುದು, ಊಟ ಪೂರ್ತಿ ಸಸ್ಯಾಹಾರ. ತಲೆಗೊಂದು ಬಟ್ಟೆ ಕಟ್ಟಿಕೊಂಡು ರೊಟ್ಟಿ ಲಟ್ಟಿಸಲು ಕೂತರೆ ನಮ್ಮ ಸುತ್ತೂರು ಜಾತ್ರೆಯ ದಾಸೋಹದಲ್ಲಿ ಸೇವೆ ಮಾಡಿದವರಿಗೆ ಹೊಸದೇನೂ ಅನಿಸುವುದಿಲ್ಲ. ಅಲ್ಲಿ ಕೈ ಪಳಗಿದ ಮೇಲೆ, 1967ರಿಂದ ಮನೆಯಿಲ್ಲದವರಿಗಾಗಿ ದುಡಿಯುತ್ತಿರುವ ಕ್ರೈಸಿಸ್‌ನಂಥ ಸಂಸ್ಥೆಗಳಿಗೆ ಬರೆದು ಕೇಳಬಹುದು.

ಮೊದಲ ದಿನ ಮನೆಗೆ ಬಂದ ಮೇಲೆ ಮೈಗಿಂತ ಮನಸ್ಸಿಗೆ ಹೆಚ್ಚು ಆಯಾಸವಾಗುತ್ತದೆ. ನನ್ನ ಮಗನ ವಯಸ್ಸಿನ ಹುಡುಗನೊಬ್ಬ ಎರಡನೇ ಸಲ ಬ್ರೆಡ್ ಕೇಳಲು ನಾಚಿದ್ದನ್ನು ನೋಡಿ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮನೆಯವರ ಹತ್ತಿರ ಹೇಳಿಕೊಳ್ಳಿ, ಅತ್ತರೂ ಚಿಂತೆಯಿಲ್ಲ. ಆ ಆಯಾಸದಲ್ಲೇ "ಇನ್ನು ಸಾಕು" ಅನಿಸಿಬಿಡುವುದುಂಟು. ಅದಕ್ಕೇ ಏಪ್ರನ್ ಬಿಚ್ಚಿಡುವ ಮುಂಚೆ ಮೇಲ್ವಿಚಾರಕರ ಹತ್ತಿರ ಹೋಗಿ, ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಹೆಸರು ಬರೆಸಿಬಿಡಿ. ಪ್ರತಿ ವಾರ ಅದೇ ದಿನ ಹೋದರೆ ಬರುವ ಜನವೂ ಸುಮಾರಾಗಿ ಅವರೇ ಇರುತ್ತಾರೆ, ಮೂರನೇ ಸಲಕ್ಕೆ ಯಾರಿಗೆ ಹಲ್ಲಿಲ್ಲ, ಯಾರಿಗೆ ಮೆತ್ತನೆಯ ಬ್ರೆಡ್ ಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ.