‘ಕ್ರೇಜಿ ಕ್ಯಾಟ್’ನ ಜಾಡನ್ನು ಕಾರ್ಟೂನ್ ಚಿತ್ರಗಳಲ್ಲಿ ಹಿಡಿಯುವ ಬಗೆ

ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಬೇಸಗೆ ರಜೆಯ ಮಧ್ಯಾಹ್ನಗಳಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಚಿತ್ರಗಳನ್ನು ಓದುವ ಅಭ್ಯಾಸವೊಂದನ್ನು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ರೋಡ್ ರನ್ನರ್ ಹಕ್ಕಿ ಧೂಳೆಬ್ಬಿಸಿ ಓಡುವುದನ್ನೂ ಅದರ ಬೆನ್ನು ಬಿದ್ದ, ತೋಳದ ಜಾತಿಯ ಕಯೋಟಿ ಕಮರಿಗೆ ಉರುಳುವುದನ್ನೂ ನೋಡದ ಮಗು ಅವರಲ್ಲಿ ಒಂದೂ ಇರುವುದಿಲ್ಲ. ಆದರೆ ಆ ಮರುಭೂಮಿ, ಆ ಒಂಟಿ ಬಂಡೆಗಳು, ಒಂದೇ ಪ್ರಯತ್ನದ ಆ ಕೊನೆಯಿಲ್ಲದ ಪುನರಾವರ್ತನೆ ಎಲ್ಲಿಂದ ಬಂದವು ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಉತ್ತರದ ದೊಡ್ಡದೊಂದು ಪಾಲು ಶತಮಾನದ ಹಿಂದೆ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಜಾರ್ಜ್ ಹೆರಿಮನ್ ಅವರ ‘ಕ್ರೇಜಿ ಕ್ಯಾಟ್’ ಎಂಬ ಕಾಮಿಕ್ ಸ್ಟ್ರಿಪ್ಪಿನಲ್ಲಿದೆ. ಆ ಜಾಡನ್ನು ಸ್ವತಃ ಹಿಡಿದು ನೋಡಬೇಕೆನ್ನುವ ಶಿಕ್ಷಕರಿಗೆ, ಪಾಲಕರಿಗೆ ಮತ್ತು ಚಿತ್ರಕಲೆಯ ವಿದ್ಯಾರ್ಥಿಗಳಿಗೆ ನನ್ನ ಅನುಭವದಲ್ಲಿ ಫಲ ಕೊಟ್ಟ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ಸ್ಟ್ರಿಪ್ಪಿನ ಹಿನ್ನೆಲೆಯನ್ನು ತಿಳಿದುಕೊಂಡಿರಬೇಕು. 1910ರಲ್ಲಿ ಹೆರಿಮನ್ ‘ದಿ ಡಿಂಗ್‌ಬ್ಯಾಟ್ ಫ್ಯಾಮಿಲಿ’ ಎಂಬ ಬೇರೊಂದು ಸ್ಟ್ರಿಪ್ ಬರೆಯುತ್ತಿದ್ದರು. ಅದರ ಚೌಕಗಳ ಕೆಳಗೆ ಉಳಿಯುತ್ತಿದ್ದ ಖಾಲಿ ಜಾಗವನ್ನು ತುಂಬಲೆಂದು ಅವರು ಒಂದು ಬೆಕ್ಕನ್ನೂ ಒಂದು ಇಲಿಯನ್ನೂ ಬರೆದರು. ಆ ವರ್ಷದ ಜುಲೈ 26ರಂದು ಇಲಿ ಮೊದಲ ಬಾರಿಗೆ ಬೆಕ್ಕಿನ ತಲೆಗೆ ಗುರಿಯಿಟ್ಟು ಏನನ್ನೋ ಎಸೆಯಿತು. 1913ರ ಅಕ್ಟೋಬರ್ 28ರಂದು ಈ ಜೋಡಿಗೆ ಸ್ವಂತ ಸ್ಟ್ರಿಪ್ ದೊರೆಯಿತು. 1916ರ ಏಪ್ರಿಲ್ 23ರಿಂದ ವಾರಕ್ಕೊಂದು ಪೂರ್ಣ ಪುಟವೂ ಬರತೊಡಗಿತು. ಓದುಗರು ಹೆಚ್ಚಿಲ್ಲದಿದ್ದರೂ ಪತ್ರಿಕೆಗಳ ಒಡೆಯ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅದನ್ನು ಕೈಬಿಡಲಿಲ್ಲ. ಹೆರಿಮನ್ 1944ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಜೂನ್ 25ರಂದು ಕೊನೆಯ ಪುಟ ಅಚ್ಚಾಯಿತು.

ಕಥೆ ಬಹಳ ಸಣ್ಣದು. ಇಗ್ನಾಟ್ಜ್ ಎಂಬ ಇಲಿ ಕ್ರೇಜಿ ಎಂಬ ಬೆಕ್ಕಿನ ತಲೆಗೆ ಇಟ್ಟಿಗೆ ಎಸೆಯುತ್ತದೆ. ಬೆಕ್ಕು ಅದನ್ನು ಪ್ರೀತಿಯ ಕಾಣಿಕೆಯೆಂದು ತಿಳಿದು ಹಿಗ್ಗುತ್ತದೆ. ಬೆಕ್ಕನ್ನು ಮನಸಾರೆ ಪ್ರೀತಿಸುವ ನಾಯಿ, ಪೊಲೀಸ್ ಅಧಿಕಾರಿ ಪಪ್, ಇಲಿಯನ್ನು ಹಿಡಿದು ಜೈಲಿಗೆ ಹಾಕುತ್ತದೆ. ಕ್ರೇಜಿ ಗಂಡೋ ಹೆಣ್ಣೋ ಎಂಬುದನ್ನು ಹೆರಿಮನ್ ಕೊನೆಯವರೆಗೂ ಇತ್ಯರ್ಥ ಮಾಡಲಿಲ್ಲ. ಇಂಗ್ಲಿಷ್ ಓದುಗರನ್ನು ಇದು ಇಂದಿಗೂ ಕಾಡುತ್ತದೆ, ಆದರೆ ಬೆಕ್ಕನ್ನು ‘ಅದು’ ಎಂದೇ ಕರೆಯುವ ನಮ್ಮ ಕನ್ನಡದಲ್ಲಿ ಕಥೆ ಹೇಳುವಾಗ ಈ ತೊಡಕು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮಾತಿನ ವಿಷಯದಲ್ಲೂ ನಮ್ಮ ಕರಾವಳಿಯ ಮಕ್ಕಳಿಗೆ ಒಂದು ಅನುಕೂಲವಿದೆ. ಕ್ರೇಜಿಯ ಇಂಗ್ಲಿಷಿನಲ್ಲಿ ಹಲವು ನುಡಿಗಳ ಉಚ್ಚಾರ ಬೆರೆತಿದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದೇ ಬಸ್ಸಿನಲ್ಲಿ ಕೇಳಿಸುವ ಮಂಗಳೂರಿನಲ್ಲಿ ಬೆಳೆದವರಿಗೆ ಅಂಥ ಮಾತು ವಿಚಿತ್ರವೆನಿಸುವುದಿಲ್ಲ.

ಈಗ ಸಾಮಗ್ರಿಯನ್ನು ಹೊಂದಿಸಿಕೊಳ್ಳಬೇಕು. 1916ರಿಂದ 1922ರವರೆಗಿನ ಪೂರ್ಣ ಪುಟಗಳು ಹಕ್ಕುಸ್ವಾಮ್ಯದ ಅವಧಿ ಮುಗಿದು ಅಂತರ್ಜಾಲದಲ್ಲಿ ಮುಕ್ತವಾಗಿ ದೊರೆಯುತ್ತವೆ. ಐದಾರು ಪುಟಗಳನ್ನು ಆರಿಸಿ, ಎ3 ಅಳತೆಯಲ್ಲಿ ಮುದ್ರಿಸಿಕೊಳ್ಳಿ. ಮೊಬೈಲಿನ ಪರದೆಯಲ್ಲಿ ನೋಡಿದರೆ ಒಂದೊಂದೇ ಚೌಕ ಕಾಣುತ್ತದೆಯೇ ಹೊರತು ಇಡೀ ಪುಟದ ಜೋಡಣೆ ಕಣ್ಣಿಗೆ ಬೀಳುವುದಿಲ್ಲ, ಹೆರಿಮನ್ ಅವರ ಅರ್ಧ ಕೆಲಸ ಇರುವುದು ಆ ಜೋಡಣೆಯಲ್ಲಿಯೇ. ಟ್ರೇಸಿಂಗ್ ಹಾಳೆ, ಪೆನ್ಸಿಲ್, ಒಂದು ನೋಟ್ ಪುಸ್ತಕ ಸಾಕು. ಹೋಲಿಕೆಗೆ ಎರಡೇ ಚಿತ್ರಗಳನ್ನು ಇಟ್ಟುಕೊಳ್ಳಿ: 1949ರಲ್ಲಿ ಬಂದ ಮೊದಲ ರೋಡ್ ರನ್ನರ್ ಚಿತ್ರ ‘ಫಾಸ್ಟ್ ಆಂಡ್ ಫರಿ-ಅಸ್’, ಮತ್ತು 1953ರ ‘ಡಕ್ ಅಮಕ್’. ಎರಡನ್ನೂ ನಿರ್ದೇಶಿಸಿದವರು ಚಕ್ ಜೋನ್ಸ್, ಎರಡರ ಕಥೆಯೂ ಮೈಕಲ್ ಮಾಲ್ಟೀಸ್ ಅವರದು. ಎರಡೂ ಏಳು ನಿಮಿಷಗಳ ಆಸುಪಾಸಿನವು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೊಸಬರು ಸಾಮಾನ್ಯವಾಗಿ ಕ್ರೇಜಿ ಕ್ಯಾಟ್ ಹೆಸರಿನಲ್ಲೇ ಬಂದ ಆನಿಮೇಷನ್ ಚಿತ್ರಗಳನ್ನು ಹುಡುಕಿ ಅಲ್ಲಿಂದ ಆರಂಭಿಸುತ್ತಾರೆ. ಅಂಥ ಚಿತ್ರಗಳು ಇವೆ: 1916ರಲ್ಲಿಯೇ ಹರ್ಸ್ಟ್ ಅವರ ಕಂಪನಿ ಕೆಲವನ್ನು ತಯಾರಿಸಿತು, 1920 ಮತ್ತು 30ರ ದಶಕಗಳಲ್ಲಿ ಬೇರೆಯವರೂ ಸಾಲುಸಾಲಾಗಿ ತಯಾರಿಸಿದರು. ಆದರೆ ನಂತರದ ಚಿತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಹೆಸರೊಂದೇ ಉಳಿದು, ಬೆಕ್ಕು ಆಗ ಜನಪ್ರಿಯವಾಗಿದ್ದ ಫೆಲಿಕ್ಸ್ ಎಂಬ ಕಾರ್ಟೂನ್ ಬೆಕ್ಕಿನಂತೆಯೋ ಮಿಕ್ಕಿ ಮೌಸ್‌ನಂತೆಯೋ ಕಾಣುತ್ತದೆ. ಹೆರಿಮನ್ ಕಥೆ ನಡೆಯುವ ಕೊಕೊನಿನೊ ಪ್ರಾಂತ್ಯದ ಆ ಮರುಭೂಮಿಯ ನೆಲ ಅವುಗಳಲ್ಲಿ ಮಾಯವಾಗಿದೆ. ಪಾತ್ರದ ಮುಖವನ್ನು ಹೋಲಿಸಿದರೆ ಪ್ರಭಾವದ ಜಾಡು ಸಿಗುವುದಿಲ್ಲ ಎಂಬುದಕ್ಕೆ ಈ ಚಿತ್ರಗಳೇ ಸಾಕ್ಷಿ. ಹೋಲಿಸಬೇಕಾದದ್ದು ನೆಲವನ್ನು, ನಡೆಯನ್ನು, ಪುನರಾವರ್ತನೆಯ ಕ್ರಮವನ್ನು.

ಆದ್ದರಿಂದ ಮೊದಲ ಕೆಲಸ ನೆಲವನ್ನು ಓದುವುದು. ಪುಟದ ಮಾತುಗಳನ್ನೆಲ್ಲ ಬಿಳಿ ಕಾಗದದ ಚೂರುಗಳಿಂದ ಮುಚ್ಚಿ. ಟ್ರೇಸಿಂಗ್ ಹಾಳೆಯನ್ನು ಮೇಲಿಟ್ಟು, ಪಾತ್ರಗಳನ್ನು ಬಿಟ್ಟು, ಪ್ರತಿ ಚೌಕದ ದಿಗಂತರೇಖೆಯನ್ನೂ ಅದರ ಮೇಲೆ ಎದ್ದ ಆಕಾರಗಳನ್ನೂ ಮಾತ್ರ ಬರೆದುಕೊಳ್ಳಿ. ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಒಂದು ಸಾಲಿನ ಮೂರು ಚೌಕಗಳನ್ನು ಬರೆದು, ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಬೆಕ್ಕು ಮತ್ತು ಇಲಿ ನಿಂತಲ್ಲಿಂದ ಕದಲಿರಲಿಲ್ಲ, ಅವುಗಳ ಮಾತು ಕೂಡ ತುಂಡಾಗಿರಲಿಲ್ಲ. ಆದರೆ ಹಿಂದೆ ಇದ್ದ ಚಪ್ಪಟೆ ನೆತ್ತಿಯ ಬಂಡೆ ಎರಡನೇ ಚೌಕದಲ್ಲಿ ಮರವಾಗಿ, ಮೂರನೆಯದರಲ್ಲಿ ಗೋಡೆಯಾಗಿತ್ತು. ಅವಳು ತಲೆಯೆತ್ತಿ, “ಸರ್, ಇದು ನಮ್ಮ ಆಟದ ಹಾಗೆಯೇ ಉಂಟಲ್ಲ” ಎಂದಳು. ನಾನು ಗಂಟೆಗಟ್ಟಲೆ ವಿವರಿಸಿದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ. ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ. ಅದರ ರಂಗಸ್ಥಳದಲ್ಲಿ ಪರದೆಯ ಮೇಲೆ ಬರೆದ ಅರಮನೆಯಿಲ್ಲ, ಕಾಡಿಲ್ಲ. ವೇಷಧಾರಿ ಪ್ರಯಾಣದ ಕುಣಿತದಲ್ಲಿ ಸುತ್ತು ಹಾಕಿ ನಿಂತನೆಂದರೆ ಕಿಷ್ಕಿಂಧೆ ಹೋಗಿ ಲಂಕೆ ಬಂದಿರುತ್ತದೆ, ನೋಡುವವರಾರೂ ಅದನ್ನು ಪ್ರಶ್ನಿಸುವುದಿಲ್ಲ. ಅಲ್ಲಿ ಪಾತ್ರ ಸುತ್ತಿದಾಗ ಸ್ಥಳ ಬದಲಾಗುತ್ತದೆ, ಹೆರಿಮನ್ ಪುಟದಲ್ಲಿ ಪಾತ್ರ ನಿಂತೇ ಇರುವಾಗ ಬದಲಾಗುತ್ತದೆ ಎಂಬ ವ್ಯತ್ಯಾಸವನ್ನು ಮಕ್ಕಳು ತಾವೇ ಗುರುತಿಸಿ ಹೇಳುವವರೆಗೆ ಕಾಯಿರಿ.

ಇದಾದ ಕೂಡಲೇ ‘ಡಕ್ ಅಮಕ್’ ತೋರಿಸಬೇಕು, ಮೊದಲ ಸಲ ಧ್ವನಿಯನ್ನು ನಿಲ್ಲಿಸಿ. ಡ್ಯಾಫಿ ಡಕ್ ಕತ್ತಿ ಹಿಡಿದ ಯೋಧನಾಗಿ ಮುನ್ನುಗ್ಗುತ್ತದೆ, ಹಿನ್ನೆಲೆಯ ಚಿತ್ರ ಮುಗಿದು ಬರಿಯ ಬಿಳಿ ಉಳಿಯುತ್ತದೆ. ಹೊಲದ ಮನೆ ಬರುತ್ತದೆ. ಬಾತುಕೋಳಿ ರೈತನ ಉಡುಪು ತೊಟ್ಟು ಬರುವಷ್ಟರಲ್ಲಿ ಹಿಮದ ನಾಡು ಬಂದಿರುತ್ತದೆ. ಅದಕ್ಕೆ ತಕ್ಕ ಉಡುಪು ತೊಟ್ಟು ಬಂದರೆ ಹವಾಯಿ ದ್ವೀಪ. ಪ್ರತಿ ಬದಲಾವಣೆಯಲ್ಲೂ ಚಿತ್ರವನ್ನು ನಿಲ್ಲಿಸಿ, ಹೆರಿಮನ್ ಪುಟವನ್ನು ಪಕ್ಕದಲ್ಲಿಟ್ಟು, ನೋಟ್ ಪುಸ್ತಕದಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಸಿ: ನೆಲ ಬದಲಾದುದು ಪಾತ್ರಕ್ಕೆ ತಿಳಿಯಿತೇ? ಕ್ರೇಜಿಗೆ ಅದರ ಅರಿವೇ ಇಲ್ಲ, ಇದ್ದರೂ ಚಿಂತೆಯಿಲ್ಲ. ಡ್ಯಾಫಿ ಮಾತ್ರ ಕುದಿಯುತ್ತದೆ. ಅದೇ ತಂತ್ರ ಒಂದು ಕಡೆ ಕನಸಿನ ನೆಮ್ಮದಿಯನ್ನೂ ಇನ್ನೊಂದು ಕಡೆ ನಗೆಗಡಲನ್ನೂ ಉಂಟುಮಾಡುವುದು ಈ ಒಂದು ವ್ಯತ್ಯಾಸದಿಂದ. ಕಾಗದದ ಮೇಲೆ ಬರೆದವನಿಗೂ ಪಾತ್ರಕ್ಕೂ ಇರುವ ಸಂಬಂಧವೇ ವಸ್ತುವಾಗುವುದನ್ನು ಕೂಡ ಗಮನಿಸಿ. ಹೆರಿಮನ್ ಅವರ ಪಾತ್ರಗಳು ತಮ್ಮ ಲೋಕ ಶಾಯಿ ಮತ್ತು ಕಾಗದದ್ದೆಂದು ಬಲ್ಲವು, ಕೆಲವು ಪುಟಗಳಲ್ಲಿ ಅವೇ ಚಿತ್ರ ಬರೆಯುವುದೂ ಉಂಟು.

ಎರಡನೆಯ ಕೆಲಸ ಪುನರಾವರ್ತನೆಯನ್ನು ಓದುವುದು. ಐದು ಪುಟಗಳಲ್ಲಿ ಇಟ್ಟಿಗೆ ಎಲ್ಲಿಂದ ಬಂತು, ಯಾರು ತಡೆದರು, ಹೇಗೆ ತಲೆಗೆ ತಾಗಿತು ಎಂಬ ಮೂರೇ ವಿವರಗಳನ್ನು ಸಾಲಾಗಿ ಬರೆದುಕೊಳ್ಳಿ. ನಂತರ ಮೊದಲ ರೋಡ್ ರನ್ನರ್ ಚಿತ್ರದಲ್ಲಿ ಕಯೋಟಿಯ ಒಂದೊಂದು ಉಪಾಯಕ್ಕೂ ಅದೇ ರೀತಿ ಮಾಡಿ. ಕೊನೆ ಮೊದಲೇ ಗೊತ್ತಿದೆ, ಕುತೂಹಲವೆಲ್ಲ ದಾರಿಯಲ್ಲಿದೆ. ನೂರು ಸಲ ನೋಡಿದ ಯಕ್ಷಗಾನ ಪ್ರಸಂಗವನ್ನು ನಾವು ಮತ್ತೆ ರಾತ್ರಿಯಿಡೀ ಕುಳಿತು ನೋಡುವುದು ಇದೇ ಕಾರಣಕ್ಕೆ. ಕಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರ ಬರೆದು, ಹಕ್ಕಿ ಅದರೊಳಗೆ ನಿಜವಾಗಿಯೇ ಓಡಿಹೋಗುವ ದೃಶ್ಯದಲ್ಲಿ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಬರೆದ ಗೆರೆ ಒಬ್ಬರಿಗೆ ದಾರಿಯಾಗಿ, ಬರೆದವನಿಗೇ ಗೋಡೆಯಾಗಿ ಉಳಿಯುವ ಈ ಲೋಕನಿಯಮ ಕೊಕೊನಿನೊದಲ್ಲಿ ಹುಟ್ಟಿದ್ದರೆ ಯಾರಿಗೂ ಆಶ್ಚರ್ಯವಾಗದು.

ಮೂರನೆಯದಾಗಿ ಸಾಕ್ಷ್ಯವನ್ನು ತೂಗಬೇಕು. ಜೋನ್ಸ್ ಹೆರಿಮನ್ ಅವರಿಗೆ ತಾವು ಋಣಿಯೆಂಬುದನ್ನು ಒಪ್ಪಿಕೊಂಡವರು. ಆದರೆ ಕಯೋಟಿಯ ಬಡಕಲು, ಸದಾ ಹಸಿದ ಸ್ವಭಾವ ಬಾಲ್ಯದಲ್ಲಿ ಓದಿದ ಮಾರ್ಕ್ ಟ್ವೇನ್ ಅವರ ವರ್ಣನೆಯಿಂದ ಬಂತೆಂದೂ ಅವರೇ ಹೇಳಿದ್ದಾರೆ. ಮರುಭೂಮಿಯ ಮಟ್ಟಿಗೂ ಒಂದು ವಿವೇಕ ಬೇಕು: ಹೆರಿಮನ್ ಅರಿಜೋನಾದ ಮಾನ್ಯುಮೆಂಟ್ ವ್ಯಾಲಿಗೆ ಮತ್ತೆ ಮತ್ತೆ ಹೋಗಿ ಆ ನೆಲವನ್ನು ಕಂಡು ಬರೆದವರು, ಅಂಥ ನೆಲವನ್ನು ಬೇರೆ ಕಲಾವಿದರೂ ಕಣ್ಣಾರೆ ಕಂಡಿರಬಹುದು. ಟಾಮ್ ಆಂಡ್ ಜೆರ್ರಿಯನ್ನೂ ಇದೇ ಸಾಲಿಗೆ ಸೇರಿಸಲು ಮಕ್ಕಳು ಹಟ ಹಿಡಿಯುತ್ತಾರೆ. ಬೆಕ್ಕು, ಇಲಿ, ನಾಯಿ ಮೂರೂ ಅಲ್ಲಿವೆ ಎಂಬುದು ನಿಜ, ಆದರೆ ಅಟ್ಟಿಸಿಕೊಂಡು ಹೋಗುವವರು ಯಾರು, ಪ್ರೀತಿ ಯಾರದು ಎಂದು ಕೇಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ನೋಟ್ ಪುಸ್ತಕದಲ್ಲಿ ‘ಕಲಾವಿದರೇ ಒಪ್ಪಿದ್ದು’, ‘ಚಿತ್ರದಲ್ಲಿ ನಾವು ತೋರಿಸಬಲ್ಲದ್ದು’, ‘ಬರಿಯ ಹೋಲಿಕೆ’ ಎಂಬ ಮೂರು ಅಂಕಣಗಳನ್ನು ಗೀಟು ಹಾಕಿ ಬೇರೆ ಮಾಡಿ. ಮೂರನೆಯ ಅಂಕಣ ಉದ್ದವಾಗಿದ್ದರೆ ಬೇಸರಪಡಬೇಕಾಗಿಲ್ಲ.

ಕೊನೆಗೆ ಕೈಕೆಲಸ. ನಾಲ್ಕು ಚೌಕಗಳಲ್ಲಿ ಇಬ್ಬರು ನಿಂತು ಮಾತನಾಡುವಂತೆ ಬರೆಸಿ. ಪಾತ್ರಗಳ ನಿಲುವು ನಾಲ್ಕರಲ್ಲೂ ಒಂದೇ ಇರಲಿ. ಹಿನ್ನೆಲೆ ಮಾತ್ರ ಮಕ್ಕಳು ಸ್ವತಃ ಕಂಡ ನೆಲವಾಗಿರಬೇಕು: ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು, ಕಾಪುವಿನ ದೀಪಸ್ತಂಭ, ಕಾರ್ಕಳದ ಗೊಮ್ಮಟಬೆಟ್ಟ. ಆಮೇಲೆ ಅದನ್ನೇ ಆನಿಮೇಷನ್ ಮಾಡುವುದಾದರೆ, ಸೆಕೆಂಡಿಗೆ 24 ಫ್ರೇಮುಗಳಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮುಗಳಿಗೆ ಹಿಡಿದಿಟ್ಟರೆ 12 ಚಿತ್ರಗಳು ಸಾಕಾಗುತ್ತವೆ. ಹತ್ತು ಸೆಕೆಂಡಿಗೆ 120. ಪಾತ್ರವನ್ನು ಪಾರದರ್ಶಕ ಹಾಳೆಯಲ್ಲಿ ಒಮ್ಮೆ ಮಾತ್ರ ಬರೆದು, ಅದರ ಕೆಳಗೆ ಹಿನ್ನೆಲೆಯ ಹಾಳೆಗಳನ್ನು ಬದಲಿಸುತ್ತ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದೊಂದೇ ಫೋಟೊ ತೆಗೆಯಿರಿ. ಕಂಬಗಲ್ಲು ದೀಪಸ್ತಂಭವಾಗುವ ನಡುವಿನ ಏಳೆಂಟು ಹಾಳೆಗಳನ್ನು ಮಾತ್ರ ಅವಸರಪಡದೆ ಬರೆಸಬೇಕು, ಏಕೆಂದರೆ ಪತ್ರಿಕೆಯಲ್ಲಿ ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಹೆರಿಮನ್ ಓದುಗನಿಗೆ ಬಿಟ್ಟಿದ್ದ ಕೆಲಸವನ್ನು ಇಲ್ಲಿ ಮಗುವಿನ ಕೈ ಮಾಡುತ್ತಿರುತ್ತದೆ.