ಆತಂಕ ಬಂದಾಗ ಏನು ಮಾಡಬೇಕು, ಏನು ಮಾಡಬಾರದು

ಆತಂಕದಿಂದ ಒದ್ದಾಡುವವರಿಗೆ ಎಲ್ಲರೂ ಪುಕ್ಕಟೆ ಕೊಡುವ ಸಲಹೆ ‘ಟೆನ್ಷನ್ ಮಾಡ್ಕೋಬೇಡ’. ಇಷ್ಟು ಕೆಲಸಕ್ಕೆ ಬಾರದ ಮಾತು ಇನ್ನೊಂದಿಲ್ಲ. ಬೇಕೆಂದು ಟೆನ್ಷನ್ ಮಾಡಿಕೊಳ್ಳುವವರು ಯಾರಿದ್ದಾರೆ? ಆತಂಕ ಬರುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಂದ ಮೇಲೆ ಏನು ಮಾಡುತ್ತೇವೆ ಎಂಬುದು ಮಾತ್ರ ಬಹುಮಟ್ಟಿಗೆ ಇದೆ.

ಮೊದಲು, ಯಾವುದೆಂದು ಗುರುತಿಸಿ

ನಾಯಿ ಬೊಗಳುತ್ತ ಮೈಮೇಲೆ ಎಗರಿದರೆ ಆಗುವುದು ಭಯ. ಅಪಾಯ ಕಣ್ಣೆದುರಿಗಿದೆ, ಅದು ತೊಲಗಿದರೆ ಭಯವೂ ಇಳಿಯುತ್ತದೆ. ಮೂರು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಸಬೇಕಾಗಿ ಬಂದರೆ ಅದು ಒತ್ತಡ. ಇನ್ನೂ ಬಾರದ ರಕ್ತಪರೀಕ್ಷೆಯ ರಿಪೋರ್ಟ್ ನೆನೆದು ರಾತ್ರಿಯೆಲ್ಲ ಹೊರಳಾಡಿದರೆ ಆತಂಕ.

ಮೂರಕ್ಕೂ ಮದ್ದು ಬೇರೆ. ಭಯವಾದಾಗ ಸುರಕ್ಷಿತ ಜಾಗಕ್ಕೆ ಹೋಗಬೇಕು. ಒತ್ತಡಕ್ಕೆ ಹೊರೆ ಇಳಿಸಬೇಕು: ಗಡುವು ಮುಂದಕ್ಕೆ ಹಾಕಿಸಿಕೊಳ್ಳುವುದು, ಕೆಲಸ ಹಂಚುವುದು, ‘ಆಗುವುದಿಲ್ಲ’ ಎಂದು ಹೇಳುವುದು. ಎಷ್ಟು ಪ್ರಾಣಾಯಾಮ ಮಾಡಿದರೂ ಮೇಜಿನ ಮೇಲಿನ ಕಡತ ಕರಗುವುದಿಲ್ಲ. ಆತಂಕದ ದಾರಿಯೇ ಬೇರೆ. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಅದರದ್ದೇ.

ಮೈಯಲ್ಲಿ ಏನಾಗುತ್ತದೆ ಎಂದು ತಿಳಿಯಿರಿ

ಎದೆ ಢವಗುಟ್ಟುವುದು, ಅಂಗೈ ಬೆವರುವುದು, ಹೊಟ್ಟೆ ತೊಳಸುವುದು, ಬೆರಳು ಜುಮ್ಮೆನ್ನುವುದು: ಇವೆಲ್ಲ ಕಾಯಿಲೆಯೆಂದೇ ಅನೇಕರು ಹೆದರುತ್ತಾರೆ. ಅಸಲಿಗೆ ಇದು ದೇಹದ ಹಳೆಯ ಸಿದ್ಧತೆ. ‘ಹೋರಾಡು, ಇಲ್ಲವೇ ಓಡು’ ಎಂಬ ಈ ಪ್ರತಿಕ್ರಿಯೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ವಿವರಿಸಿದ್ದರು. ಮೆದುಳಿನ ಅಮಿಗ್ಡಲ ಎಂಬ ಭಾಗ ಅಪಾಯದ ಸುಳಿವು ಹಿಡಿಯುತ್ತದೆ; ಮೂತ್ರಪಿಂಡಗಳ ಮೇಲೆ ಕುಳಿತಿರುವ ಗ್ರಂಥಿಗಳು ಅಡ್ರಿನಾಲಿನ್ ಸುರಿಸುತ್ತವೆ. ಓಡಲು ಬೇಕಾದ ದೊಡ್ಡ ಸ್ನಾಯುಗಳಿಗೆ ರಕ್ತ ಹರಿಯಬೇಕಲ್ಲ, ಅದಕ್ಕೇ ಗುಂಡಿಗೆ ಜೋರಾಗುತ್ತದೆ. ಆ ಹೊತ್ತಿಗೆ ಜೀರ್ಣಕ್ರಿಯೆ ತುರ್ತಲ್ಲ. ಅದು ನಿಧಾನವಾಗಿ ಹೊಟ್ಟೆಯಲ್ಲಿ ತಳಮಳ. ಉಸಿರು ವೇಗವಾದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ತಲೆ ಹಗುರಾಗುವುದು, ಬೆರಳು ಜುಮ್ಮೆನ್ನುವುದು ಅದರಿಂದ.

ಪ್ಯಾನಿಕ್ ಅಟ್ಯಾಕ್ ಅಂದರೆ ಇದೇ ಸಿದ್ಧತೆ ಒಮ್ಮೆಗೇ ಉಕ್ಕಿ ಬರುವುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ‘ಸತ್ತೇ ಹೋಗುತ್ತೇನೆ’ ಎಂಬ ಎರಡನೇ ಹೆದರಿಕೆ ಅದಕ್ಕೆ ಸೇರಿಕೊಳ್ಳುವುದಿಲ್ಲ. ಒಂದು ಎಚ್ಚರಿಕೆ: ಮೊದಲ ಸಲ ಎದೆನೋವು ಬಂದಾಗ, ಅದರಲ್ಲೂ ನೋವು ತೋಳಿಗೋ ದವಡೆಗೋ ಹರಡುತ್ತಿದ್ದರೆ, ‘ಆತಂಕ ಇರಬೇಕು’ ಎಂದು ನೀವೇ ತೀರ್ಮಾನಿಸಬೇಡಿ. ಆಸ್ಪತ್ರೆಗೆ ಹೋಗಿ.

ಉಸಿರು ಬಿಡುವುದನ್ನು ಉದ್ದ ಮಾಡಿ

‘ದೀರ್ಘವಾಗಿ ಉಸಿರೆಳೆದುಕೋ’ ಎನ್ನುತ್ತಾರೆ. ಅರ್ಧ ಸರಿ, ಅರ್ಧ ತಪ್ಪು. ಗಬಗಬನೆ ದೊಡ್ಡ ಉಸಿರೆಳೆದರೆ ಜುಮ್ಮೆನ್ನುವುದು ಹೆಚ್ಚೀತು. ಉಸಿರು ಹೊರಬಿಡುವಾಗ, ಮೆದುಳಿನಿಂದ ಗುಂಡಿಗೆಗೆ ಇಳಿಯುವ ವೇಗಸ್ ನರದ ಮೂಲಕ ಗುಂಡಿಗೆಯ ಬಡಿತ ನಿಧಾನವಾಗುತ್ತದೆ. ಹಾಗಾಗಿ ಲಕ್ಷ್ಯ ಅದರ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಐದು ನಿಮಿಷ ಸಾಕು. ನಡುನಡುವೆ ‘ಹೋಯಿತಾ, ಹೋಯಿತಾ’ ಎಂದು ನೋಡಿಕೊಳ್ಳುತ್ತಿದ್ದರೆ ಉಸಿರಾಟವೇ ಹೊಸ ಚಿಂತೆಯಾಗುತ್ತದೆ. ಯೋಚಿಸಲು ಆಗುವಷ್ಟು ತಲೆ ತಿಳಿಯಾದರೆ ಅದರ ಕೆಲಸ ಮುಗಿಯಿತು.

ಚಿಂತೆಗೊಂದು ಸಮಯ ಗೊತ್ತುಮಾಡಿ

ಕೇಳಲು ವಿಚಿತ್ರ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪರೀಕ್ಷಿಸಿದ ವಿಧಾನ ಇದು. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ. ಮಲಗುವ ಮುಂಚೆ ಮಾತ್ರ ಬೇಡ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು, ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಗೊತ್ತುಮಾಡಿದ ಹೊತ್ತಿನಲ್ಲಿ ಪಟ್ಟಿ ತೆಗೆದು, ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ನಾನು ಮಾಡಬಹುದಾದ್ದು ಏನಾದರೂ ಇದೆಯೇ? ಇದ್ದರೆ ಮೊದಲ ಕೆಲಸ ಯಾವುದೆಂದು ಬರೆಯಿರಿ. ಇಲ್ಲದಿದ್ದರೆ ಹಾಗೆಯೇ ಬಿಡಿ. ಬೆಳಿಗ್ಗೆ ಬೆಟ್ಟದಂತೆ ಕಂಡದ್ದರಲ್ಲಿ ಕೆಲವು ಸಂಜೆಗೆ ಓದಲೂ ಬೇಸರ ಬರುವಷ್ಟು ಸಪ್ಪೆಯಾಗಿರುತ್ತವೆ.

ತಪ್ಪಿಸಿಕೊಳ್ಳುವುದನ್ನು ನಿಲ್ಲಿಸಿ

ಎಲ್ಲಕ್ಕಿಂತ ಕಷ್ಟದ ಹಂತ ಇದು, ಎಲ್ಲಕ್ಕಿಂತ ಫಲ ಕೊಡುವುದೂ ಇದೇ. ಹೆದರಿಕೆಯಾದ ಮೀಟಿಂಗಿಗೆ ರಜೆ ಹಾಕಿದರೆ ಆ ಕ್ಷಣವೇ ಹಾಯೆನಿಸುತ್ತದೆ. ಮೋಸ ಇರುವುದು ಅಲ್ಲೇ. ‘ಹೋಗದಿದ್ದುದರಿಂದ ಬಚಾವಾದೆ’ ಎಂದು ಮೆದುಳು ಕಲಿತುಬಿಡುತ್ತದೆ. ಮುಂದಿನ ಮೀಟಿಂಗ್ ಇನ್ನೂ ಭಯಾನಕವಾಗುತ್ತದೆ. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದ ಹಾಗೆ.

ಇದನ್ನು ಹಿಮ್ಮೊಗ ತಿರುಗಿಸುವ ದಾರಿ 1924ರಲ್ಲೇ ಕಂಡಿತ್ತು. ಮೊಲ ಕಂಡರೆ ಕಿರುಚುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟದ ತಿನಿಸು ಕೊಡುತ್ತ, ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮೊಲವನ್ನು ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಅವನು ಅದನ್ನು ಮುದ್ದಾಡಿದ.

ನಾಲ್ಕು ಜನರೆದುರು ಮಾತಾಡಲು ಹೆದರುವವರಾದರೆ ಹೀಗೊಂದು ಏಣಿ ಮಾಡಿಕೊಳ್ಳಿ: ಮನೆಯವರ ಮುಂದೆ ಎರಡು ನಿಮಿಷ ಗಟ್ಟಿಯಾಗಿ ಓದುವುದು, ಸಹೋದ್ಯೋಗಿಯ ಹತ್ತಿರ ನಿಮ್ಮ ಅಭಿಪ್ರಾಯ ಹೇಳುವುದು, ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳುವುದು, ಆಮೇಲೆ ಐದು ನಿಮಿಷದ ವಿವರಣೆ. ಪ್ರತಿ ಮೆಟ್ಟಿಲಿಗೂ ಹೆದರಿಕೆ ನೂರಕ್ಕೆ ಎಷ್ಟೆಂದು ಅಂಕ ಕೊಡಿ. ಮೂವತ್ತು, ನಲವತ್ತು ಇರುವಲ್ಲಿಂದ ಶುರುಮಾಡಿ. ಅರ್ಧಕ್ಕೇ ಎದ್ದು ಹೋಗದೆ ನಿಲ್ಲಬೇಕು, ಅದೇ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಬೇಕು. ಬಾಯಿಪಾಠ ಮಾಡಿ ಒಪ್ಪಿಸುವುದು, ನೆಲ ನೋಡುತ್ತ ಮಾತಾಡುವುದು ಇವೂ ತಪ್ಪಿಸಿಕೊಳ್ಳುವ ಉಪಾಯಗಳೇ. ಒಂದೊಂದಾಗಿ ಬಿಡಿ.

ಮನೆಯವರಿಗೆ ಒಂದು ಮಾತು. ‘ಏನೂ ಆಗಲ್ಲ ಅಲ್ವಾ?’ ಎಂದು ದಿನಕ್ಕೆ ಹತ್ತು ಸಲ ಕೇಳುವವರಿಗೆ ಹತ್ತು ಸಲವೂ ‘ಏನೂ ಆಗಲ್ಲ’ ಎಂದು ಹೇಳುವುದು ಪ್ರೀತಿಯೇನೋ ಹೌದು, ಆದರೆ ಅದು ಹನ್ನೊಂದನೇ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಒಮ್ಮೆ ಹೇಳಿ, ಮಾತು ಬೇರೆಡೆ ತಿರುಗಿಸಿ. ರೋಗಲಕ್ಷಣಗಳನ್ನು ಮೊಬೈಲಿನಲ್ಲಿ ಹುಡುಕುವ ಚಟಕ್ಕೂ ಇದೇ ನ್ಯಾಯ.

ಈ ಏಣಿ ಸುಳ್ಳು ಅಪಾಯಗಳಿಗೆ ಮಾತ್ರ. ಹೊಡೆಯುವವರ ಜೊತೆ ಬದುಕುತ್ತಿದ್ದರೆ ಆ ಭಯ ಸರಿಯಾಗಿಯೇ ಇದೆ, ಅಲ್ಲಿಂದ ಹೊರಬರಲು ನೆರವು ಬೇಕು. ದೊಡ್ಡ ಆಘಾತದ ನೆನಪುಗಳನ್ನೂ ಒಬ್ಬರೇ ಕೆದಕಬೇಡಿ.

ಸಣ್ಣಪುಟ್ಟದ್ದು

ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆಯ ಲೋಟ ಮಲಗುವಾಗಲೂ ಮೈಯಲ್ಲಿರುತ್ತದೆ. ಮದ್ಯ ಆ ಹೊತ್ತಿಗೆ ಸಮಾಧಾನ ಕೊಟ್ಟು ಮರುದಿನ ಆತಂಕವನ್ನು ಹೆಚ್ಚಿಸುತ್ತದೆ. ನಡಿಗೆ, ಒಂದೇ ಹೊತ್ತಿಗೆ ಏಳುವುದು: ಹೊಸ ವಿಷಯವಲ್ಲ, ಆದರೂ ಕೆಲಸ ಮಾಡುತ್ತವೆ.

ವೈದ್ಯರ ಬಳಿ ಯಾವಾಗ?

ಹೆಚ್ಚಿನ ದಿನಗಳಲ್ಲಿ ಕಾಡುವ ಚಿಂತೆ ಆರು ತಿಂಗಳು ದಾಟಿದ್ದರೆ ಹೋಗಲೇಬೇಕು. ನಿದ್ದೆ, ಕೆಲಸ, ಸಂಬಂಧ ಕೆಡುತ್ತಿದ್ದರೆ ಅಷ್ಟು ದಿನ ಕಾಯುವುದೂ ಬೇಡ. ಸಾಯುವ ಯೋಚನೆ ಬಂದರೆ ಅದೇ ದಿನ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಕೆಲವು ಉಬ್ಬಸದ ಔಷಧಿಗಳು ಕೂಡ ಎದೆಬಡಿತ, ನಡುಕ ತರುತ್ತವೆ. ಮೊದಲು ಅದನ್ನು ನೋಡಿಸಿ. ಆತಂಕಕ್ಕೆ ಸಾಮಾನ್ಯವಾಗಿ ಮೊದಲು ಬರೆಯುವ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತವೆ. ಗುಣವಾಯಿತೆಂದು ತಟ್ಟನೆ ಬಿಡಬಾರದು, ವೈದ್ಯರೇ ಇಳಿಸಬೇಕು. ಹೋಗುವಾಗ ಎಂದಿನಿಂದ ಹೀಗಾಗುತ್ತಿದೆ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ, ಹೆದರಿ ಬಿಟ್ಟುಬಿಟ್ಟ ಕೆಲಸಗಳು ಯಾವುವು ಎಂದು ಬರೆದುಕೊಂಡು ಹೋಗಿ. ಚಿಕಿತ್ಸೆ ಎಲ್ಲಿಂದ ಶುರುವಾಗಬೇಕೆಂದು ವೈದ್ಯರಿಗೆ ಹೆಚ್ಚಾಗಿ ತಿಳಿಯುವುದು ಆ ಕೊನೆಯ ಪಟ್ಟಿಯಿಂದ.